ಹಾನ್ಸ್ ಬರ್ಗರ್

ಹಾನ್ಸ್ ಬರ್ಗರ್ (21 ಮೇ 1873 – 1 ಜೂನ್ 1941) ಜರ್ಮನಿಯ ಮನೋವೈದ್ಯ ಹಾಗೂ ನರವಿಜ್ಞಾನಿ. ಮನುಷ್ಯನ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಮೊಟ್ಟಮೊದಲು ದಾಖಲಿಸಿದವರು ಇವರು. ಆ ದಾಖಲೆಗೆ ಇವರು ಕೊಟ್ಟ ಹೆಸರೇ ಇಂದು ಎಲೆಕ್ಟ್ರೊಎನ್ಸೆಫಲೋಗ್ರಾಂ, ಸಂಕ್ಷಿಪ್ತವಾಗಿ ಇಇಜಿ, ಎಂದು ಪ್ರಚಲಿತವಾಗಿದೆ. ಸೆಕೆಂಡಿಗೆ ಸುಮಾರು ಹತ್ತು ಬಾರಿ ಏರಿಳಿಯುವ ಆಲ್ಫಾ ಅಲೆಯನ್ನು ಮತ್ತು ಅದಕ್ಕಿಂತ ವೇಗವಾದ ಬೀಟಾ ಅಲೆಯನ್ನು ಇವರು ಗುರುತಿಸಿ ಹೆಸರಿಸಿದರು. ಆಲ್ಫಾ ಅಲೆಗೆ ಬರ್ಗರ್ ಲಯ ಎಂಬ ಹೆಸರೂ ಇದೆ. ಅಪಸ್ಮಾರದ ತಪಾಸಣೆ, ನಿದ್ರೆಯ ಅಧ್ಯಯನ ಮತ್ತು ನೆನಪು ಮರುಕಳಿಸುವ ಬಗೆಯನ್ನು ಕುರಿತ ಇಂದಿನ ಸಂಶೋಧನೆಗಳಿಗೆ ಈ ಆವಿಷ್ಕಾರವೇ ತಳಹದಿ. ಆದರೆ ಬರ್ಗರ್ ಹುಡುಕಲು ಹೊರಟದ್ದು ಮಿದುಳಿನ ಲಯವನ್ನಲ್ಲ, ಮನಸ್ಸಿನ ಶಕ್ತಿಯನ್ನು. ನಾಜಿ ಆಡಳಿತದೊಂದಿಗೆ ಇವರಿಗಿದ್ದ ಸಂಬಂಧ ಇತ್ತೀಚಿನ ದಶಕಗಳಲ್ಲಿ ಬೆಳಕಿಗೆ ಬಂದಿದ್ದು, ಇವರ ಬದುಕಿನ ಮರುಮೌಲ್ಯಮಾಪನಕ್ಕೆ ಕಾರಣವಾಗಿದೆ.

ಜನನ ಮತ್ತು ಮನೆತನ

ಬರ್ಗರ್ ಜರ್ಮನಿಯ ಕೋಬುರ್ಗ್ ಪಟ್ಟಣದ ಸಮೀಪದ ನಾಯ್ಸೆಸ್ ಎಂಬಲ್ಲಿ ಜನಿಸಿದರು. ತಂದೆ ಪೌಲ್ ಫ್ರೀಡ್ರಿಶ್ ಬರ್ಗರ್ ವೈದ್ಯರಾಗಿದ್ದರು. ತಾಯಿ ಆನ್ನಾ, ಪ್ರಸಿದ್ಧ ಕವಿ ಹಾಗೂ ಪೌರಸ್ತ್ಯ ಭಾಷೆಗಳ ವಿದ್ವಾಂಸ ಫ್ರೀಡ್ರಿಶ್ ರೂಕರ್ಟ್ ಅವರ ಮಗಳು. ರೂಕರ್ಟ್ ಅರಬ್ಬೀ, ಫಾರ್ಸಿ ಮತ್ತು ಸಂಸ್ಕೃತ ಕಾವ್ಯಗಳನ್ನು ಜರ್ಮನ್ ಭಾಷೆಗೆ ತಂದವರು. ಮಹಾಭಾರತದ ನಳ-ದಮಯಂತಿಯರ ಕಥೆಯನ್ನು ಆಧರಿಸಿದ ಅವರ ಕೃತಿ 1828ರಲ್ಲಿ ಪ್ರಕಟವಾಗಿತ್ತು. ಬರ್ಗರ್ ಹುಟ್ಟುವ ಏಳು ವರ್ಷ ಮೊದಲೇ ಅವರು ನಿಧನರಾಗಿದ್ದರು. ಹೀಗೆ ಬರ್ಗರ್ ಮನೆಯಲ್ಲಿ ತಂದೆಯ ಕಡೆಯಿಂದ ವೈದ್ಯಕೀಯ ಮತ್ತು ತಾಯಿಯ ಕಡೆಯಿಂದ ಸಾಹಿತ್ಯ ಎರಡರ ಪರಂಪರೆಯೂ ಇದ್ದಿತು.

ಕೋಬುರ್ಗ್‌ನ ಕಾಸಿಮಿರಿಯಾನುಮ್ ಶಾಲೆಯಲ್ಲಿ ಓದು ಮುಗಿಸಿದ ಬರ್ಗರ್‌ಗೆ ಖಗೋಳಶಾಸ್ತ್ರಜ್ಞನಾಗಬೇಕೆಂಬ ಆಸೆಯಿತ್ತು. 1892ರಲ್ಲಿ ವಿಶ್ವವಿದ್ಯಾಲಯ ಸೇರಿದರಾದರೂ ಅಲ್ಪಕಾಲದಲ್ಲಿಯೇ ಅದನ್ನು ಬಿಟ್ಟು ಒಂದು ವರ್ಷದ ಸೇನಾ ಸೇವೆಗೆ ಸೇರಿದರು.

ಸೇನಾ ತರಬೇತಿಯ ಅವಘಡ

ಸೇನಾ ತರಬೇತಿಯ ಸಂದರ್ಭದಲ್ಲಿ ನಡೆದ ಒಂದು ಘಟನೆ ಬರ್ಗರ್ ಅವರ ಬದುಕಿನ ದಿಕ್ಕನ್ನು ಬದಲಿಸಿತು. ಅವರು ಸವಾರಿ ಮಾಡುತ್ತಿದ್ದ ಕುದುರೆ ಮುಗ್ಗರಿಸಿದಾಗ ಅವರು ಕೆಳಗೆ ಬಿದ್ದರು. ಹಿಂದಿನಿಂದ ಕುದುರೆಗಳು ಎಳೆದು ತರುತ್ತಿದ್ದ ಫಿರಂಗಿ ಬಂಡಿಯ ಚಕ್ರ ಅವರ ಮೇಲೆ ಹಾಯುವುದರಲ್ಲಿತ್ತು. ಬಂಡಿಯನ್ನು ಕೊನೆಯ ಕ್ಷಣದಲ್ಲಿ ನಿಲ್ಲಿಸಿದ್ದರಿಂದ ಅವರು ಬದುಕುಳಿದರು. ಅದೇ ದಿನ ಸಂಜೆ ತಂದೆಯಿಂದ ಕ್ಷೇಮ ವಿಚಾರಿಸುವ ತಂತಿ ಬಂದಿತು. ದೂರದ ಮನೆಯಲ್ಲಿದ್ದ ಅಕ್ಕ, ತಮ್ಮನಿಗೆ ಏನೋ ಆಪತ್ತು ಒದಗಿದೆಯೆಂದು ಆತಂಕಗೊಂಡು ತಂದೆಯಿಂದ ಆ ತಂತಿಯನ್ನು ಕಳುಹಿಸಿದ್ದಳು.

ಇದನ್ನು ಆಕಸ್ಮಿಕವೆಂದು ತಳ್ಳಿಹಾಕಲು ಬರ್ಗರ್‌ಗೆ ಸಾಧ್ಯವಾಗಲಿಲ್ಲ. ಪ್ರಾಣಾಪಾಯದ ಕ್ಷಣದಲ್ಲಿ ತನ್ನ ಮನಸ್ಸಿನ ಭಾವ ಅಕ್ಕನ ಮನಸ್ಸನ್ನು ಮುಟ್ಟಿತೆಂದು ಅವರು ನಂಬಿದರು. ಮನಸ್ಸಿನ ವ್ಯಾಪಾರಕ್ಕೆ ಭೌತಿಕವಾದ ಆಧಾರವೊಂದು ಇರಲೇಬೇಕು ಮತ್ತು ಅದನ್ನು ಅಳೆಯಲು ಸಾಧ್ಯವಾಗಬೇಕು ಎಂಬ ವಿಚಾರ ಅವರಲ್ಲಿ ಬೇರೂರಿತು. ಸೇನಾ ಸೇವೆ ಮುಗಿದ ಬಳಿಕ ಅವರು ಖಗೋಳಶಾಸ್ತ್ರವನ್ನು ಕೈಬಿಟ್ಟು ವೈದ್ಯಕೀಯ ಅಧ್ಯಯನಕ್ಕೆ ತೊಡಗಿದರು. ಒಬ್ಬರ ಮನಸ್ಸಿನಿಂದ ಇನ್ನೊಬ್ಬರ ಮನಸ್ಸಿಗೆ ನೇರವಾಗಿ ಸಂದೇಶ ಸಾಗುತ್ತದೆ ಎಂಬುದಕ್ಕೆ ಅವರ ಮುಂದಿನ ಸಂಶೋಧನೆಯಲ್ಲಿ ಯಾವ ಪುರಾವೆಯೂ ದೊರೆಯಲಿಲ್ಲ. ಆದರೂ ಈ ನಂಬಿಕೆ ಅವರನ್ನು ಕೊನೆಯವರೆಗೆ ಬಿಡಲಿಲ್ಲ.

ವೈದ್ಯಕೀಯ ವೃತ್ತಿ

ಬರ್ಗರ್ 1897ರಲ್ಲಿ ಯೇನಾ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದು ಅಲ್ಲಿನ ಮನೋವೈದ್ಯಕೀಯ ಆಸ್ಪತ್ರೆಯಲ್ಲಿ ಓಟ್ಟೊ ಬಿನ್ಸ್‌ವಾಂಗರ್ ಅವರ ಸಹಾಯಕರಾಗಿ ಸೇರಿದರು. 1901ರಲ್ಲಿ ಬೋಧನೆಯ ಅರ್ಹತೆ ಗಳಿಸಿ, 1912ರಲ್ಲಿ ಹಿರಿಯ ವೈದ್ಯರ ಸ್ಥಾನಕ್ಕೇರಿದರು. 1911ರಲ್ಲಿ ತಮ್ಮ ಪ್ರಯೋಗಗಳಿಗೆ ನೆರವಾಗುತ್ತಿದ್ದ ಉರ್ಸುಲಾ ಫಾನ್ ಬ್ಯೂಲೋ ಅವರನ್ನು ವಿವಾಹವಾದರು. ದಂಪತಿಗಳಿಗೆ ನಾಲ್ವರು ಮಕ್ಕಳು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬರ್ಗರ್ ಪಶ್ಚಿಮ ರಣರಂಗದಲ್ಲಿ ಸೇನೆಯ ಮನೋವೈದ್ಯರಾಗಿ ಕೆಲಸ ಮಾಡಿದರು. 1919ರಲ್ಲಿ ಬಿನ್ಸ್‌ವಾಂಗರ್ ಅವರ ಉತ್ತರಾಧಿಕಾರಿಯಾಗಿ ಪ್ರಾಧ್ಯಾಪಕ ಪೀಠವನ್ನೂ ಆಸ್ಪತ್ರೆಯ ನಿರ್ದೇಶಕ ಹುದ್ದೆಯನ್ನೂ ವಹಿಸಿಕೊಂಡರು. 1927–28ರಲ್ಲಿ ಯೇನಾ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು.

ಸಹೋದ್ಯೋಗಿಗಳ ಕಣ್ಣಿನಲ್ಲಿ ಬರ್ಗರ್ ಮಿತಭಾಷಿ, ಶಿಸ್ತಿನ ಆಡಳಿತಗಾರ, ಸಮಯಪಾಲನೆಯಲ್ಲಿ ಕಟ್ಟುನಿಟ್ಟು. ಹಗಲು ಆಸ್ಪತ್ರೆಯ ಕೆಲಸ ಮುಗಿಸಿ ಸಂಜೆ ಅವರು ಸಣ್ಣದೊಂದು ಪ್ರಯೋಗಾಲಯದಲ್ಲಿ ಏನು ಮಾಡುತ್ತಿದ್ದರೆಂಬುದು ಹೆಚ್ಚಿನವರಿಗೆ ತಿಳಿದಿರಲಿಲ್ಲ. ತಮ್ಮ ಆಶೆ, ಅನುಮಾನ ಮತ್ತು ಸೋಲುಗಳನ್ನು ಅವರು ದಿನಚರಿಯಲ್ಲಿ ಬರೆದಿಡುತ್ತಿದ್ದರು.

ಮಾನಸಿಕ ಶಕ್ತಿಯ ಹುಡುಕಾಟ

ಶಕ್ತಿಯು ನಾಶವಾಗುವುದಿಲ್ಲ, ರೂಪಾಂತರ ಹೊಂದುತ್ತದೆ ಎಂಬುದು 19ನೆಯ ಶತಮಾನದ ಭೌತಶಾಸ್ತ್ರದ ದೊಡ್ಡ ತಿಳಿವು. ಬರ್ಗರ್ ಇದನ್ನು ಮಿದುಳಿಗೆ ಅನ್ವಯಿಸಿದರು. ರಕ್ತದ ಮೂಲಕ ಬರುವ ಪೋಷಕಾಂಶಗಳಿಂದ ಮಿದುಳಿನಲ್ಲಿ ರಾಸಾಯನಿಕ ಶಕ್ತಿ ಬಿಡುಗಡೆಯಾಗುತ್ತದೆ. ಅದರ ಒಂದು ಭಾಗ ಉಷ್ಣವಾಗಿ, ಇನ್ನೊಂದು ಭಾಗ ವಿದ್ಯುತ್ತಾಗಿ, ಉಳಿದದ್ದು ಮಾನಸಿಕ ಶಕ್ತಿಯಾಗಿ ಮಾರ್ಪಡುತ್ತಿರಬೇಕು ಎಂಬುದು ಅವರ ತರ್ಕವಾಗಿತ್ತು. ಮೊದಲಿನವುಗಳನ್ನು ಅಳೆದರೆ ಕೊನೆಯದನ್ನು ಲೆಕ್ಕ ಹಾಕಬಹುದು ಎಂದು ಅವರು ಭಾವಿಸಿದರು.

ಈ ಗುರಿಯಿಂದ ಅವರು ಮೊದಲು ತಲೆಬುರುಡೆಯಲ್ಲಿ ರಂಧ್ರವಿದ್ದ ರೋಗಿಗಳ ಮಿದುಳಿನ ರಕ್ತಚಲನೆಯನ್ನು ಅಳೆದರು. ಬಳಿಕ ಮಿದುಳಿನ ಉಷ್ಣತೆಯನ್ನು ಸೂಕ್ಷ್ಮ ಉಷ್ಣಮಾಪಕಗಳಿಂದ ಅಳೆದು 1910ರಲ್ಲಿ ಅದರ ಬಗ್ಗೆ ಗ್ರಂಥವನ್ನು ಪ್ರಕಟಿಸಿದರು. ಎರಡರಿಂದಲೂ ಬಯಸಿದ ಉತ್ತರ ಬರಲಿಲ್ಲ. ಉಳಿದದ್ದು ವಿದ್ಯುತ್.

ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ ಚಟುವಟಿಕೆ ಇದೆಯೆಂಬುದು ಆ ಹೊತ್ತಿಗೆ ತಿಳಿದ ಸಂಗತಿಯಾಗಿತ್ತು. ಇಂಗ್ಲೆಂಡಿನ ರಿಚರ್ಡ್ ಕೇಟನ್ 1875ರಲ್ಲಿ ಮೊಲ ಮತ್ತು ಕೋತಿಗಳಲ್ಲಿ ಇದನ್ನು ಕಂಡಿದ್ದರು. ಪೋಲೆಂಡಿನ ಅಡಾಲ್ಫ್ ಬೆಕ್ 1890ರಲ್ಲಿ ಇಂಥದೇ ಫಲಿತಾಂಶ ಪಡೆದಿದ್ದರು. ಬರ್ಗರ್ ಕೂಡ 1902ರಿಂದ ಆರಂಭಿಸಿ ಹಲವು ಬಾರಿ ನಾಯಿಗಳ ಮೇಲೆ ಪ್ರಯೋಗ ನಡೆಸಿದರಾದರೂ ಉಪಕರಣಗಳು ಸಾಲದೆ ವಿಫಲರಾದರು. ಮನುಷ್ಯನಲ್ಲಿ ಈ ಪ್ರಯೋಗ ಇನ್ನೂ ಕಷ್ಟದ್ದಾಗಿತ್ತು. ನೆತ್ತಿಯ ಚರ್ಮದ ಮೇಲೆ ದೊರೆಯುವ ಸಂಕೇತ ಕೆಲವೇ ಹತ್ತು ಮೈಕ್ರೋವೋಲ್ಟ್‌ಗಳಷ್ಟು, ಅಂದರೆ ಒಂದು ವೋಲ್ಟಿನ ಲಕ್ಷದಲ್ಲಿ ಕೆಲವೇ ಭಾಗಗಳಷ್ಟು, ದುರ್ಬಲವಾದದ್ದು.

1924ರ ಮೊದಲ ದಾಖಲೆ

1924ರ ಜುಲೈ 6ರಂದು ಯೇನಾದಲ್ಲಿ ಶಸ್ತ್ರವೈದ್ಯ ನಿಕೊಲಾಯ್ ಗುಲೆಕೆ ಅವರ ಬಳಿ ಮಿದುಳಿನ ಶಸ್ತ್ರಚಿಕಿತ್ಸೆಗೆ ಒಳಗಾದ 17 ವರ್ಷದ ಹುಡುಗನೊಬ್ಬನ ಮೇಲೆ ಬರ್ಗರ್ ಪ್ರಯೋಗ ನಡೆಸಿದರು. ಬುರುಡೆಯ ಎಲುಬು ತೆಗೆದಿದ್ದ ಜಾಗದಲ್ಲಿ ವಿದ್ಯುದಗ್ರಗಳನ್ನಿಟ್ಟು ತಂತಿ ಗ್ಯಾಲ್ವನೋಮೀಟರಿಗೆ ಜೋಡಿಸಿದಾಗ ಸಣ್ಣ ಕಂಪನಗಳು ಗೋಚರಿಸಿದವು. ಮನುಷ್ಯನ ಮಿದುಳಿನ ವಿದ್ಯುತ್ ಅಲೆಯನ್ನು ಕಂಡ ಮೊದಲ ಸಂದರ್ಭವಿದು.

ಬರ್ಗರ್ ಇದನ್ನು ಕೂಡಲೇ ಪ್ರಕಟಿಸಲಿಲ್ಲ. ಕಂಡದ್ದು ಮಿದುಳಿನ ಸಂಕೇತವೋ, ನಾಡಿಮಿಡಿತದ ಪರಿಣಾಮವೋ, ಸ್ನಾಯುಗಳ ಅಲುಗಾಟವೋ, ಚರ್ಮದ ವಿದ್ಯುತ್ತೋ ಎಂಬ ಸಂದೇಹ ಅವರನ್ನೇ ಕಾಡಿತು. ಮುಂದಿನ ಐದು ವರ್ಷ ಅವರು ಒಂದೊಂದೇ ಸಾಧ್ಯತೆಯನ್ನು ಪರೀಕ್ಷಿಸಿದರು. ಹೃದಯದ ವಿದ್ಯುತ್ ದಾಖಲೆಯನ್ನೂ ಮಿದುಳಿನ ದಾಖಲೆಯನ್ನೂ ಒಟ್ಟಿಗೆ ತೆಗೆದು ಹೋಲಿಸಿದರು. ವಿದ್ಯುದಗ್ರಗಳ ಲೋಹ, ಆಕಾರ ಮತ್ತು ಸ್ಥಾನಗಳನ್ನು ಬದಲಿಸಿ ನೋಡಿದರು. ಸೀಮೆನ್ಸ್ ಕಂಪನಿಯ ಹೆಚ್ಚು ಸೂಕ್ಷ್ಮವಾದ ಗ್ಯಾಲ್ವನೋಮೀಟರ್ ದೊರೆತ ಬಳಿಕ ಗಾಯವಿಲ್ಲದ ತಲೆಯಿಂದಲೂ ಸ್ಪಷ್ಟ ದಾಖಲೆಗಳು ಬರತೊಡಗಿದವು. ಮಗ ಕ್ಲಾಸ್ ಅನೇಕ ಪ್ರಯೋಗಗಳಲ್ಲಿ ತಂದೆಯ ಮುಂದೆ ಕುಳಿತನು.

ಆಲ್ಫಾ ಮತ್ತು ಬೀಟಾ ಅಲೆಗಳು

ಮನುಷ್ಯನ ಎಲೆಕ್ಟ್ರೊಎನ್ಸೆಫಲೋಗ್ರಾಂ ಕುರಿತ ಬರ್ಗರ್ ಅವರ ಮೊದಲ ಲೇಖನ 1929ರಲ್ಲಿ ಜರ್ಮನಿಯ ಮನೋವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. 1938ರವರೆಗೆ ಅದೇ ಶೀರ್ಷಿಕೆಯಲ್ಲಿ ಒಟ್ಟು 14 ವರದಿಗಳು ಹೊರಬಂದವು. ಅವುಗಳ ಮುಖ್ಯ ನಿಷ್ಕರ್ಷೆಗಳು ಹೀಗಿವೆ.

ಕಣ್ಣು ಮುಚ್ಚಿ, ಎಚ್ಚರವಾಗಿ, ನಿರಾಳವಾಗಿ ಕುಳಿತ ವ್ಯಕ್ತಿಯ ಮಿದುಳಿನಲ್ಲಿ ಸೆಕೆಂಡಿಗೆ ಸುಮಾರು ಹತ್ತರಂತೆ ದೊಡ್ಡ ಅಲೆಗಳು ಕಾಣುತ್ತವೆ. ಇವುಗಳಿಗೆ ಬರ್ಗರ್ ಆಲ್ಫಾ ಎಂದು ಹೆಸರಿಟ್ಟರು. ಇಂದು ಸೆಕೆಂಡಿಗೆ 8ರಿಂದ 13ರವರೆಗಿನ ಅಲೆಗಳನ್ನು ಈ ಗುಂಪಿಗೆ ಸೇರಿಸಲಾಗುತ್ತದೆ. ಅದಕ್ಕಿಂತ ವೇಗವಾದ, ಎತ್ತರದಲ್ಲಿ ಚಿಕ್ಕದಾದ ಅಲೆಗಳನ್ನು ಬೀಟಾ ಎಂದು ಕರೆದರು. ಕಣ್ಣು ತೆರೆದೊಡನೆ, ಏನಾದರೂ ಮುಟ್ಟಿದೊಡನೆ, ಇಲ್ಲವೇ ಮನಸ್ಸಿನಲ್ಲಿಯೇ ಲೆಕ್ಕ ಮಾಡಲು ಹೇಳಿದೊಡನೆ ಆಲ್ಫಾ ಅಲೆಗಳು ಕುಗ್ಗುತ್ತವೆ. ಮಗಳು ಇಲ್ಸೆ ಮನೋಗಣಿತ ಮಾಡುತ್ತಿದ್ದಾಗ ತೆಗೆದ ದಾಖಲೆಯಲ್ಲಿ ಇದು ಕಂಡುಬಂದಿತು.

ಈ ಕೊನೆಯ ಸಂಗತಿ ಮಹತ್ವದ್ದು. ಗಮನ ಕೊಟ್ಟಾಗ ಮಿದುಳಿನ ವಿದ್ಯುತ್ ಹೆಚ್ಚಬೇಕೆಂದು ಸಾಮಾನ್ಯ ಊಹೆ ಹೇಳುತ್ತದೆ. ಆದರೆ ಅಲೆ ಚಿಕ್ಕದಾಯಿತು. ಕಾರಣ ಹೀಗಿದೆ: ನೆತ್ತಿಯ ಮೇಲೆ ಕಾಣುವ ಅಲೆ ಒಂದೊಂದು ನರಕೋಶದ ಸಂಕೇತವಲ್ಲ, ಸಾವಿರಾರು ಕೋಶಗಳ ಏರಿಳಿತ ಒಂದೇ ತಾಳದಲ್ಲಿ ಕೂಡಿದಾಗ ಮೂಡುವ ಮೊತ್ತ. ವಿಶ್ರಾಂತಿಯಲ್ಲಿ ಕೋಶಗಳು ಒಟ್ಟಾಗಿ ಏರಿಳಿಯುವುದರಿಂದ ಅಲೆ ದೊಡ್ಡದಾಗುತ್ತದೆ. ಕೆಲಸ ಆರಂಭವಾದಾಗ ಅವು ಬೇರೆ ಬೇರೆ ಗುಂಪುಗಳಾಗಿ ಒಡೆಯುವುದರಿಂದ ಅಲೆ ಚಿಕ್ಕದಾಗುತ್ತದೆ. ಆದ್ದರಿಂದ ಅಲೆಯ ಎತ್ತರವನ್ನು ಅಳೆದು ಮಾನಸಿಕ ಶಕ್ತಿಯ ಪ್ರಮಾಣವನ್ನು ಪಡೆಯಲು ಸಾಧ್ಯವಿಲ್ಲ. ಬರ್ಗರ್ ಅರಸಿದ ಪ್ರಮಾಣ ದೊರೆಯಲಿಲ್ಲ. ಮಿದುಳಿನ ಸ್ಥಿತಿಗತಿಯನ್ನು ತಿಳಿಸುವ ಲಯ ದೊರೆಯಿತು.

ಬರ್ಗರ್ ಈ ವಿಧಾನವನ್ನು ರೋಗಿಗಳಿಗೂ ವಿಸ್ತರಿಸಿದರು. ಅಪಸ್ಮಾರ, ಅರಿವಳಿಕೆ, ನಿದ್ರೆ, ಮಿದುಳಿನ ಪೆಟ್ಟು ಮತ್ತು ಗಡ್ಡೆಗಳಲ್ಲಿ ಅಲೆಗಳು ಬದಲಾಗುವ ಬಗೆಯನ್ನು ವಿವರಿಸಿದರು. 1930ರ ದಶಕದ ಆರಂಭದಲ್ಲಿ, ನೆನಪಿನ ಶಕ್ತಿ ಕುಂದುವ ಆಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನ ಅಲೆಗಳು ಅಸಹಜವಾಗಿರುವುದನ್ನು ಮೊದಲು ಗಮನಿಸಿದವರೂ ಇವರೇ.

ಸಂದೇಹ ಮತ್ತು ಮನ್ನಣೆ

ಮೊದಲ ಕೆಲವು ವರ್ಷ ಬರ್ಗರ್ ಅವರ ವರದಿಗಳನ್ನು ವಿಜ್ಞಾನಲೋಕ ಬಹುಮಟ್ಟಿಗೆ ಕಡೆಗಣಿಸಿತು. ನರಗಳ ಸಂಕೇತಗಳು ಅತಿ ಕ್ಷಿಪ್ರವಾದವು ಎಂದು ತಿಳಿದಿದ್ದ ಶರೀರಕ್ರಿಯಾಶಾಸ್ತ್ರಜ್ಞರಿಗೆ ಇಷ್ಟು ನಿಧಾನವಾದ, ನಯವಾದ ಅಲೆ ಮಿದುಳಿನದೆಂದು ನಂಬುವುದು ಕಷ್ಟವಾಯಿತು. ಬರ್ಗರ್ ಮನೋವೈದ್ಯರಾಗಿದ್ದು ವಿದ್ಯುತ್ ತಂತ್ರಜ್ಞಾನದಲ್ಲಿ ವಿಶೇಷ ತರಬೇತಿ ಪಡೆದಿರಲಿಲ್ಲವೆಂಬುದೂ ಇದಕ್ಕೆ ಕಾರಣವಾಗಿತ್ತು.

1934ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ನೊಬೆಲ್ ಪುರಸ್ಕೃತ ಎಡ್ಗರ್ ಏಡ್ರಿಯನ್ ಮತ್ತು ಬ್ರಯಾನ್ ಮ್ಯಾಥ್ಯೂಸ್ ಉತ್ತಮ ಉಪಕರಣಗಳಿಂದ ಈ ಪ್ರಯೋಗವನ್ನು ಪುನರಾವರ್ತಿಸಿದರು. ಬರ್ಗರ್ ಹೇಳಿದ್ದು ಸರಿಯೆಂದು ಒಪ್ಪಿ, ಆ ಅಲೆಗೆ ಬರ್ಗರ್ ಲಯ ಎಂಬ ಹೆಸರಿಟ್ಟು ಲೇಖನ ಪ್ರಕಟಿಸಿದರು. ಮರುವರ್ಷ ಅಮೆರಿಕದ ಹಾರ್ವರ್ಡ್‌ನ ಸಂಶೋಧಕರು ಮಕ್ಕಳಲ್ಲಿ ಕಾಣುವ ಒಂದು ಬಗೆಯ ಅಪಸ್ಮಾರದಲ್ಲಿ ಸೆಕೆಂಡಿಗೆ ಮೂರರಂತೆ ಮೂಡುವ ವಿಶಿಷ್ಟ ಅಲೆಯನ್ನು ತೋರಿಸಿದರು. ಇಇಜಿ ಆಸ್ಪತ್ರೆಗಳಿಗೆ ಬೇಕಾದ ಸಾಧನವೆಂದು ಇದರಿಂದ ಖಚಿತವಾಯಿತು. 1937ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಮನೋವಿಜ್ಞಾನ ಸಮ್ಮೇಳನದಲ್ಲಿ ಬರ್ಗರ್ ಅವರಿಗೆ ಗೌರವದ ಸ್ಥಾನ ದೊರೆಯಿತು. ನೊಬೆಲ್ ಪ್ರಶಸ್ತಿಗೆ ಇವರ ಹೆಸರು ಸೂಚಿತವಾದರೂ ಪ್ರಶಸ್ತಿ ಬರಲಿಲ್ಲ.

ನಾಜಿ ಆಡಳಿತದೊಂದಿಗೆ ಸಂಬಂಧ

ಬರ್ಗರ್ ನಾಜಿಗಳ ವಿರೋಧಿಯಾಗಿದ್ದರು ಮತ್ತು ಅದೇ ಕಾರಣಕ್ಕೆ ಅವರನ್ನು ಹುದ್ದೆಯಿಂದ ಬಲವಂತವಾಗಿ ಇಳಿಸಲಾಯಿತು ಎಂಬ ಮಾತು ಬಹುಕಾಲ ಪಠ್ಯಗಳಲ್ಲಿ ಉಳಿದಿತ್ತು. ಯೇನಾದ ದಾಖಲೆಗಳನ್ನು ಪರಿಶೀಲಿಸಿದ ಇತಿಹಾಸಕಾರರು ಈ ಚಿತ್ರವನ್ನು ತಿರಸ್ಕರಿಸಿದ್ದಾರೆ. ಬರ್ಗರ್ ನಾಜಿ ಪಕ್ಷದ ಸದಸ್ಯರಾಗಿರಲಿಲ್ಲ. ಆದರೆ ಎಸ್‌ಎಸ್ ಸಂಘಟನೆಗೆ ಧನಸಹಾಯ ನೀಡುವ ಪೋಷಕ ಸದಸ್ಯರಾಗಿದ್ದರು. ಯೇನಾದ ಆನುವಂಶಿಕ ಆರೋಗ್ಯ ಮೇಲ್ಮನವಿ ನ್ಯಾಯಾಲಯದಲ್ಲಿಯೂ ಅವರು ಕೆಲಸ ಮಾಡಿದ್ದರು.

1933ರ ಕಾನೂನಿನ ಪ್ರಕಾರ ಸ್ಥಾಪನೆಯಾದ ಈ ನ್ಯಾಯಾಲಯಗಳು ಆನುವಂಶಿಕ ರೋಗವಿದೆಯೆಂದು ಗುರುತಿಸಿದವರಿಗೆ ಅವರ ಇಚ್ಛೆಗೆ ವಿರುದ್ಧವಾಗಿ ಸಂತಾನಶಕ್ತಿಹರಣ ಮಾಡಲು ಆದೇಶಿಸುತ್ತಿದ್ದವು. ಆ ಕಾನೂನಿನ ರೋಗಪಟ್ಟಿಯಲ್ಲಿ ಆನುವಂಶಿಕ ಅಪಸ್ಮಾರವೂ ಇತ್ತು. ಅಪಸ್ಮಾರಿಗಳ ಚಿಕಿತ್ಸೆಗೆ ಅತ್ಯಂತ ನೆರವಾದ ಸಾಧನವನ್ನು ಕೊಟ್ಟ ವೈದ್ಯರು, ಅದೇ ರೋಗಿಗಳ ಹಕ್ಕನ್ನು ಕಸಿದ ವ್ಯವಸ್ಥೆಯಲ್ಲಿಯೂ ಪಾಲುಗೊಂಡರು. ಇಇಜಿಯ ವೈಜ್ಞಾನಿಕ ಮೌಲ್ಯ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಅದನ್ನು ಕಂಡುಹಿಡಿದವರ ಜೀವನಚರಿತ್ರೆಯಿಂದ ಈ ಭಾಗವನ್ನು ಬಿಡಲಾಗದು.

ಕೊನೆಯ ದಿನಗಳು

ಬರ್ಗರ್ 1938ರಲ್ಲಿ 65ನೆಯ ವಯಸ್ಸಿನಲ್ಲಿ ನಿವೃತ್ತರಾಗಿ ಬಾಡ್ ಬ್ಲಾಂಕೆನ್‌ಬುರ್ಗ್ ಪಟ್ಟಣಕ್ಕೆ ತೆರಳಿದರು. 1940ರಲ್ಲಿ ಮನಸ್ಸನ್ನು ಕುರಿತ ಕಿರುಪುಸ್ತಕವೊಂದನ್ನು ಪ್ರಕಟಿಸಿ, ಯೌವನದ ಅವಘಡ ಮತ್ತು ಅಕ್ಕನ ತಂತಿಯ ಪ್ರಸಂಗವನ್ನು ಅದರಲ್ಲಿ ಮತ್ತೆ ಎತ್ತಿಕೊಂಡರು. ಬಳಿಕ ತೀವ್ರ ಖಿನ್ನತೆಗೆ ಒಳಗಾದ ಅವರು 1941ರ ಜೂನ್ 1ರಂದು ಯೇನಾದಲ್ಲಿ, ತಾವು ಬಹುಕಾಲ ಕೆಲಸ ಮಾಡಿದ ಆಸ್ಪತ್ರೆಯಲ್ಲಿಯೇ ಆತ್ಮಹತ್ಯೆ ಮಾಡಿಕೊಂಡರು. ಆಗ ಅವರಿಗೆ 68 ವರ್ಷ.

ಬರ್ಗರ್ ನಂತರ: ಮಿದುಳಿನ ಲಯ ಮತ್ತು ನೆನಪು

ಬರ್ಗರ್ ಆರಂಭಿಸಿದ ಕೆಲಸ ಇಂದು ಬಹು ಫಲಪ್ರದವಾಗಿ ಮುಂದುವರಿದಿರುವ ಕ್ಷೇತ್ರಗಳಲ್ಲಿ ನೆನಪಿನ ಅಧ್ಯಯನವೂ ಒಂದು. 1938ರಲ್ಲಿ ಜರ್ಮನಿಯ ರಿಚರ್ಡ್ ಯುಂಗ್ ಮತ್ತು ಅಲೋಯಿಸ್ ಕಾರ್ನ್‌ಮ್ಯೂಲರ್ ಮೊಲದ ಮಿದುಳಿನ ಒಳಭಾಗದ ಹಿಪ್ಪೊಕ್ಯಾಂಪಸ್ ಎಂಬ ಅಂಗದಲ್ಲಿ ನಿಧಾನವಾದ ಲಯವೊಂದನ್ನು ಕಂಡರು. ಇದು ಮುಂದೆ ಥೀಟಾ ಲಯವೆಂದು ಹೆಸರಾಯಿತು. ಮನುಷ್ಯನಲ್ಲಿ ಸೆಕೆಂಡಿಗೆ ಸುಮಾರು 4ರಿಂದ 8ರವರೆಗಿನ ಅಲೆಗಳನ್ನು ಥೀಟಾ ಎನ್ನುತ್ತಾರೆ. 1957ರಲ್ಲಿ ವಿಲಿಯಂ ಸ್ಕೊವಿಲ್ ಮತ್ತು ಬ್ರೆಂಡಾ ಮಿಲ್ನರ್, ಅಪಸ್ಮಾರಕ್ಕಾಗಿ ಎರಡೂ ಕಡೆಯ ಹಿಪ್ಪೊಕ್ಯಾಂಪಸ್ ಭಾಗವನ್ನು ತೆಗೆಸಿಕೊಂಡ ರೋಗಿಯೊಬ್ಬರು ಹೊಸ ಘಟನೆಗಳನ್ನು ನೆನಪಿಟ್ಟುಕೊಳ್ಳಲಾರದವರಾದುದನ್ನು ವರದಿ ಮಾಡಿದರು. ನೆನಪು ರೂಪುಗೊಳ್ಳಲು ಈ ಅಂಗ ಅಗತ್ಯವೆಂದು ಇದರಿಂದ ತಿಳಿಯಿತು.

ಅಂಗದ ಜೊತೆಗೆ ಲಯವೂ ಬೇಕೆಂಬುದನ್ನು 1978ರಲ್ಲಿ ಜೊನಾಥನ್ ವಿನ್ಸನ್ ತೋರಿಸಿದರು. ಇಲಿಗಳ ಮಿದುಳಿನಲ್ಲಿ ಥೀಟಾ ಲಯವನ್ನು ತಡೆದಾಗ ಅವು ಮೊದಲು ಕಲಿತಿದ್ದ ಜಾಗವನ್ನು ಹುಡುಕಲಾರದೆ ಹೋದವು. ಒಂದು ಘಟನೆಯ ನೆನಪಿನಲ್ಲಿ ಸ್ಥಳ, ಮುಖ, ದನಿ, ವಾಸನೆ ಹೀಗೆ ಅನೇಕ ಅಂಶಗಳಿರುತ್ತವೆ. ಇವು ಮಿದುಳಿನ ಬೇರೆ ಬೇರೆ ಭಾಗಗಳಲ್ಲಿ ಹಂಚಿರುತ್ತವೆ. ಅವೆಲ್ಲ ಒಟ್ಟಿಗೆ ಎಚ್ಚೆತ್ತರೆ ಮಾತ್ರ ಘಟನೆ ನೆನಪಿಗೆ ಬರುತ್ತದೆ. ಥೀಟಾ ಲಯ ಈ ಭಾಗಗಳಿಗೆ ಸಮಾನ ತಾಳವನ್ನು ಒದಗಿಸುತ್ತದೆ ಎಂಬುದು ಇಂದು ಬಹಳ ವಿಜ್ಞಾನಿಗಳು ಒಪ್ಪುವ ವಿವರಣೆ. ಅಲೆಯ ಒಂದು ಹಂತದಲ್ಲಿ ಹೊಸ ಮಾಹಿತಿ ಒಳಬರುವುದೂ ಇನ್ನೊಂದು ಹಂತದಲ್ಲಿ ಹಳೆಯ ಮಾಹಿತಿ ಹೊರಬರುವುದೂ ನಡೆಯುವುದರಿಂದ ಅವೆರಡೂ ಬೆರೆತು ಗೊಂದಲವಾಗುವುದಿಲ್ಲ ಎಂಬ ಸಿದ್ಧಾಂತವೂ ಇದೆ.

ನೆನಪು ಗಟ್ಟಿಯಾಗುವುದರಲ್ಲಿ ನಿದ್ರೆಯ ಪಾತ್ರ ದೊಡ್ಡದು. ಹಗಲು ಓಡಾಡಿದಾಗ ಇಲಿಯ ಹಿಪ್ಪೊಕ್ಯಾಂಪಸ್‌ನಲ್ಲಿ ಜೊತೆಯಾಗಿ ಚುರುಕಾದ ಕೋಶಗಳು ನಿದ್ರೆಯಲ್ಲಿ ಮತ್ತೆ ಜೊತೆಯಾಗಿ ಚುರುಕಾಗುತ್ತವೆಂದು 1994ರಲ್ಲಿ ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮೆಕ್‌ನಾಟನ್ ತೋರಿಸಿದರು. ಈ ಮರುಕಳಿಕೆ ಹೆಚ್ಚಾಗಿ ಅತಿ ವೇಗದ, ಕ್ಷಣಕಾಲದ ಸಣ್ಣ ಅಲೆಗಳೊಂದಿಗೆ ನಡೆಯುತ್ತದೆ. 2009ರಲ್ಲಿ ಇಲಿಗಳಲ್ಲಿ ನಿದ್ರೆಯ ವೇಳೆ ಆ ಅಲೆಗಳನ್ನು ತಡೆದಾಗ ಅವುಗಳ ಕಲಿಕೆ ಕುಂಠಿತವಾಯಿತು. 2019ರಲ್ಲಿ, ಚಿಕಿತ್ಸೆಗಾಗಿ ಮಿದುಳಿನೊಳಗೆ ವಿದ್ಯುದಗ್ರ ಅಳವಡಿಸಿದ್ದ ಅಪಸ್ಮಾರ ರೋಗಿಗಳ ಅಧ್ಯಯನವೊಂದು ಪ್ರಕಟವಾಯಿತು. ತಾವು ಮೊದಲು ನೋಡಿದ್ದ ಚಿತ್ರಗಳನ್ನು ಅವರು ನೆನಪಿನಿಂದ ಹೇಳುವ ಒಂದೆರಡು ಸೆಕೆಂಡು ಮೊದಲೇ ಹಿಪ್ಪೊಕ್ಯಾಂಪಸ್‌ನಲ್ಲಿ ಇಂಥ ಅಲೆಗಳು ಹೆಚ್ಚುವುದು ಅದರಲ್ಲಿ ಕಂಡುಬಂದಿತು.

ಬರ್ಗರ್ ಕಂಡ ಆಲ್ಫಾ ಅಲೆಗೂ ಇಲ್ಲಿ ಪಾತ್ರವಿದೆ. ನೆನಪಿನ ವಿವರಗಳು ಮರಳುವಾಗ ಹೊರಮಿದುಳಿನ ಆಯಾ ಭಾಗಗಳಲ್ಲಿ ಆಲ್ಫಾ ಕುಗ್ಗುತ್ತದೆ. ಬೇಡದ ಭಾಗಗಳಲ್ಲಿ ಅದು ಹೆಚ್ಚಿ ಅಡ್ಡಿಯನ್ನು ತಡೆಯುತ್ತದೆ ಎಂದೂ ತಿಳಿಯಲಾಗಿದೆ. ಇವುಗಳಲ್ಲಿ ಎಷ್ಟು ಕಾರಣ, ಎಷ್ಟು ಪರಿಣಾಮ ಎಂಬ ಚರ್ಚೆ ಮುಂದುವರಿದಿದೆ.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದಲ್ಲಿ ಇಇಜಿ ಆಧಾರಿತ ಸಂಶೋಧನೆಯ ಆರಂಭದ ದಶಕಗಳಲ್ಲಿ ಯೋಗಾಭ್ಯಾಸಿಗಳ ಅಧ್ಯಯನ ಪ್ರಸಿದ್ಧವಾದದ್ದು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬಿ. ಕೆ. ಆನಂದ್, ಜಿ. ಎಸ್. ಛೀನಾ ಮತ್ತು ಬಲದೇವ್ ಸಿಂಗ್ 1961ರಲ್ಲಿ ಧ್ಯಾನದ ವೇಳೆ ಯೋಗಿಗಳ ಆಲ್ಫಾ ಅಲೆಗಳನ್ನು ಕುರಿತು ವರದಿ ಪ್ರಕಟಿಸಿದರು. ಧ್ಯಾನದಲ್ಲಿದ್ದಾಗ ಹೊರಗಿನ ಶಬ್ದ, ಬೆಳಕುಗಳಿಂದ ಆ ಅಲೆಗಳಿಗೆ ಭಂಗವಾಗದಿರುವುದನ್ನು ಅವರು ಗಮನಿಸಿದ್ದರು.

ಕರ್ನಾಟಕದಲ್ಲಿ ಈ ಕ್ಷೇತ್ರದ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ಹಿಂದಿನ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಗಳು 1974ರಲ್ಲಿ ಒಂದಾಗಿ ಈ ಸಂಸ್ಥೆ ರೂಪುಗೊಂಡಿತು. ಉತ್ತರ ಕರ್ನಾಟಕದ ವಿಜಯಪುರ ನಗರದಲ್ಲಿ 1980ರ ದಶಕದಲ್ಲಿ ವೈದ್ಯಕೀಯ ಕಾಲೇಜುಗಳು ಆರಂಭವಾದ ಬಳಿಕ ತಿಕೋಟಾ, ಬಬಲೇಶ್ವರ ಮೊದಲಾದ ಸುತ್ತಲ ಊರುಗಳಿಗೆ ವೈದ್ಯಕೀಯ ಶಿಕ್ಷಣ ಮತ್ತು ದೊಡ್ಡ ಆಸ್ಪತ್ರೆಗಳು ಹತ್ತಿರವಾದವು. ವೈದ್ಯಕೀಯ ಪದವಿಯ ಶರೀರಕ್ರಿಯಾಶಾಸ್ತ್ರ ಪಾಠದಲ್ಲಿ ಆಲ್ಫಾ, ಬೀಟಾ, ಥೀಟಾ ಮತ್ತು ಡೆಲ್ಟಾ ಅಲೆಗಳು ಸೇರಿವೆ. ಫಿಟ್ಸ್ ಅಥವಾ ಮೂರ್ಛೆರೋಗವೆಂದು ಜನರು ಕರೆಯುವ ಅಪಸ್ಮಾರವನ್ನು ಗಾಳಿಸೋಂಕು, ದೇವರ ಕಾಟವೆಂದು ಭಾವಿಸಿ ಚಿಕಿತ್ಸೆ ತಡಮಾಡುವವರು ಇಂದಿಗೂ ಇದ್ದಾರೆ. ಅದು ಮಿದುಳಿನ ವಿದ್ಯುತ್ತಿನ ಏರುಪೇರು ಮತ್ತು ಹೆಚ್ಚಿನ ರೋಗಿಗಳಲ್ಲಿ ಔಷಧಿಯಿಂದ ಹತೋಟಿಗೆ ಬರುತ್ತದೆ. ನೆತ್ತಿಗೆ ವಿದ್ಯುದಗ್ರಗಳನ್ನು ಅಂಟಿಸಿ, ನೋವಿಲ್ಲದೆ ತೆಗೆಯುವ ಇಇಜಿ ದಾಖಲೆ ಆ ಏರುಪೇರನ್ನು ಕಣ್ಣಿಗೆ ಕಾಣುವಂತೆ ಮಾಡುತ್ತದೆ.